ವಾಷಿಂಗ್ ಮಷೀನ್ ರಿಪೇರಿಗೆ ನಂಬರ್ ಹುಡುಕುತ್ತಿದ್ದೀರಾ? ಮೊದಲು ಇದನ್ನು ಓದಿ

ನಮ್ಮ ವಾಷಿಂಗ್ ಮಷೀನ್‌ನಿಂದ ನೀರು ಹೊರಗೆ ಹೋಗುವುದು ನಿಂತುಬಿಟ್ಟಿತು. ಕಂಪನಿ ಹೆಸರಿನ ಜೊತೆ ಕಸ್ಟಮರ್ ಕೇರ್ ಎಂದು ಸೇರಿಸಿ ಗೂಗಲ್ ಮಾಡಿದೆ. ಮೇಲೇ ಒಂದು ನಂಬರ್ ಸಿಕ್ಕಿತು. ಯಾವುದಕ್ಕೂ ಇರಲಿ ಎಂದು ಬಡಾವಣೆಯ ವಾಟ್ಸಾಪ್ ಗುಂಪಿನಲ್ಲೂ ಕೇಳಿದೆ. ಒಬ್ಬರು ತಕ್ಷಣ ಉತ್ತರ ಹಾಕಿದರು. ಅದೇ ನಂಬರ್! ಎರಡೂ ಕಡೆ ಅದೇ ಬಂದ ಮೇಲೆ ಅನುಮಾನ ಯಾಕೆ, ಅಲ್ವಾ?

ಬಂದ ಹುಡುಗನ ಕೊರಳಲ್ಲಿ ಐಡಿ ಕಾರ್ಡ್ ಇತ್ತು. ಫೋಟೋ ಇತ್ತು, 'ಸರ್ವೀಸ್ ಇಂಜಿನಿಯರ್' ಎಂದಿತ್ತು, ಯಾವ ಕಂಪನಿ ಎಂದು ಮಾತ್ರ ಇರಲಿಲ್ಲ. ಮಷೀನ್ ಬಿಚ್ಚಿ ನೋಡಿ "ಪಿಸಿಬಿ ಹೋಗಿದೆ ಮೇಡಂ" ಎಂದ. ಪಿಸಿಬಿ ಅಂದರೆ ಮಷೀನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್. ಅದನ್ನು ಬದಲಾಯಿಸಿ 4,800 ರೂಪಾಯಿ ತೆಗೆದುಕೊಂಡ. ಕೆಲವು ದಿನ ಓಡಿತು, ಮತ್ತೆ ಅದೇ ಕಥೆ. ಫೋನ್ ಮಾಡಿದರೆ ಮೊದಮೊದಲು "ಇವತ್ತೇ ಬರ್ತಾರೆ", ಆಮೇಲೆ ಎತ್ತುವುದೇ ಇಲ್ಲ.

ಮಷೀನ್ ಹಿಂದೆ ಅಂಟಿಸಿದ್ದ ಸ್ಟಿಕರ್‌ನಲ್ಲಿ ಕಂಪನಿಯ ನಂಬರ್ ಇತ್ತು. ಅಲ್ಲಿಂದ ಬಂದವರು ಕೆಳಗಿನ ಡ್ರೈನ್ ಫಿಲ್ಟರ್ ತಿರುಗಿಸಿ, ಒಂದು ಹೇರ್‌ಪಿನ್, ಒಂದು ರೂಪಾಯಿ ನಾಣ್ಯ, ಮುದ್ದೆಯಾದ ನೂಲು ಹೊರಗೆಳೆದರು. ಅಷ್ಟೇ ತೊಂದರೆ. ನನಗೆ ಹಾಕಿಕೊಟ್ಟಿದ್ದು ಹಳೇ ಬೋರ್ಡ್, ಸೋಲ್ಡರ್ ಮಾಡಿದ ಗುರುತು ಹಾಗೇ ಇತ್ತು.

ಗುಂಪಿನಲ್ಲಿ ನಂಬರ್ ಕೊಟ್ಟವರನ್ನು ವಿಚಾರಿಸಿದೆ. "ನಾವು ಕರೆಸಿಲ್ಲಪ್ಪ, ಗೂಗಲ್‌ನಲ್ಲಿ ಸಿಕ್ತು, ಸಹಾಯ ಆಗ್ಲಿ ಅಂತ ಹಾಕಿದೆ" ಎಂದರು. ಪಾಪ, ಒಳ್ಳೆಯ ಮನಸ್ಸೇ. ಆದರೆ ಎರಡು ಕಡೆ ವಿಚಾರಿಸಿದೆ ಎಂದುಕೊಂಡಿದ್ದು ನಿಜಕ್ಕೂ ಒಂದೇ ಕಡೆ. ಆ ಒಂದು ಕಡೆಯೂ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಮೇಲೆ ಸಣ್ಣದಾಗಿ 'ಸ್ಪಾನ್ಸರ್ಡ್' ಎಂದಿರುತ್ತದೆ, ಅವಸರದಲ್ಲಿ ಯಾರು ನೋಡುತ್ತಾರೆ?

ಹಾಗಾಗಿ ಗುಂಪಿನಲ್ಲಿ "ಯಾರಿಗಾದರೂ ಗೊತ್ತಾ" ಎಂದು ಕೇಳಬೇಡಿ. "ನೀವೇ ಕರೆಸಿದ್ರಾ, ಬಿಲ್ ಇದ್ಯಾ" ಎಂದು ಕೇಳಿ. ಅರ್ಧ ಜನ ಅಲ್ಲೇ ಸುಮ್ಮನಾಗುತ್ತಾರೆ. ನಂಬರನ್ನು ಸ್ಟಿಕರ್‌ನಿಂದಲೋ ವಾರಂಟಿ ಕಾರ್ಡ್‌ನಿಂದಲೋ ತೆಗೆದುಕೊಳ್ಳಿ. ಬಿಲ್ ಮೇಲೆ ಜಿಎಸ್‌ಟಿ ಸಂಖ್ಯೆ ಹಾಕಿದ್ದರೆ ಎಣಿಸಿ ನೋಡಿ: ಒಟ್ಟು 15 ಅಕ್ಷರ-ಅಂಕಿ ಇರಬೇಕು, ಕರ್ನಾಟಕದ್ದಾದರೆ 29ರಿಂದ ಶುರುವಾಗಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಹಾಕಿ ನೋಡಬಹುದು. ನನ್ನ ಬಿಲ್‌ನಲ್ಲಿ ಇದ್ದದ್ದು 14!

ಇಂಥ ನಂಬರಿನವರು "ರಿಜಿಸ್ಟ್ರೇಶನ್‌ಗೆ ಹತ್ತು ರೂಪಾಯಿ ಕಳಿಸಿ, ಈ ಆ್ಯಪ್ ಹಾಕಿಕೊಳ್ಳಿ" ಎಂದರೆ ಫೋನ್ ಇಟ್ಟುಬಿಡಿ. ಅದು ನಿಮ್ಮ ಮೊಬೈಲ್ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್ ಆಗಿರುತ್ತದೆ. ಖಾತೆಯಿಂದ ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನನ್ನಂತೆ ಕೆಟ್ಟ ರಿಪೇರಿಯ ದೂರಾದರೆ ಗ್ರಾಹಕ ಸಹಾಯವಾಣಿ 1915. ಬಿಲ್ ಎಸೆಯಬೇಡಿ, ಅವರು ಮೊದಲು ಕೇಳುವುದು ಅದನ್ನೇ.