ಸೈಕಲ್ ಹ್ಯಾಂಡಲ್ ಅಗಲ ಮಾಡುವ ಮನೆ ಉಪಾಯಗಳು: ಕೆಲವು ಮಳೆಗಾಲ ಬಳಸಿದ ಮೇಲೆ

ನನ್ನದು ಗೇರ್ ಇಲ್ಲದ ಹಳೆಯ ಎಂಟಿಬಿ (ಮೌಂಟನ್ ಬೈಕ್). ಸ್ಟೀಲ್ ಹ್ಯಾಂಡಲ್, ತುದಿಯಿಂದ ತುದಿಗೆ 580 ಮಿ.ಮೀ. ನನ್ನ ಭುಜಕ್ಕೆ ಅದು ಸಾಲದು. ನಮ್ಮ ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಬದಿಯಡ್ಕಕ್ಕೆ ಡಾಂಬರು ರಸ್ತೆಯಲ್ಲಿ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ತೋಟಕ್ಕೆ ಇಳಿಯುವ ಮುರಕಲ್ಲಿನ ದಾರಿಯಲ್ಲಿ, ಕ್ಯಾರಿಯರಿನ ಮೇಲೆ ಹಿಂಡಿ ಮೂಟೆ ಇದ್ದರೆ ಚೆನ್ನಾಗಿ ಗೊತ್ತಾಗುತ್ತದೆ. ಹಿಂದೆ ಭಾರ ಕೂತಾಗ ಮುಂದಿನ ಚಕ್ರ ಹಗುರವಾಗುತ್ತದೆ. ಸಣ್ಣ ಕಲ್ಲು ಸಿಕ್ಕಿದರೂ ಹ್ಯಾಂಡಲ್ ಅತ್ತಿತ್ತ ತಿರುಗಲು ನೋಡುತ್ತದೆ. ಕೈಗಳು ದೂರ ಇದ್ದಷ್ಟೂ ಅದನ್ನು ಹಿಡಿದು ನಿಲ್ಲಿಸುವುದು ಸುಲಭ.

ಹೊಸ ಅಗಲದ ಹ್ಯಾಂಡಲ್ ತಂದು ಹಾಕಬಹುದಲ್ವಾ? ಹೊಸ ಸೈಕಲ್ ಇದ್ದವರು ಹಾಗೆಯೇ ಮಾಡಿ. ಹ್ಯಾಂಡಲನ್ನು ಮುಂದಿನ ಚಕ್ರದ ಫೋರ್ಕಿಗೆ ಸೇರಿಸುವ ತುಂಡಿಗೆ ಸ್ಟೆಮ್ ಎನ್ನುತ್ತಾರೆ. ನನ್ನ ಹ್ಯಾಂಡಲನ್ನು ಅದು ಹಿಡಿಯುವ ಜಾಗದ ದಪ್ಪ 25.4 ಮಿ.ಮೀ. ಈಗ ಸಿಗುವ 720, 740 ಅಗಲದ ಹ್ಯಾಂಡಲ್‌ಗಳಲ್ಲಿ ಹೆಚ್ಚಿನವುಗಳ ದಪ್ಪ ಅಲ್ಲಿ 31.8. ಅದನ್ನು ಹಾಕಬೇಕಾದರೆ ಸ್ಟೆಮ್ ಬದಲಿಸಬೇಕು. ಹಳೆ ಸೈಕಲಿನಲ್ಲಿ ಸ್ಟೆಮ್ ಫೋರ್ಕಿನ ಒಳಗೆ ಇಳಿಯುವ ಜಾತಿಯದ್ದು, ಹಾಗಾಗಿ ಅಡಾಪ್ಟರ್ ಕೂಡ ಬೇಕು. ರಾಡ್ ಬ್ರೇಕಿನ ದೊಡ್ಡ ಸೈಕಲ್‌ಗಳ ಕಥೆ ಇನ್ನೂ ಕಷ್ಟ. ಅವುಗಳಲ್ಲಿ ಎಷ್ಟೋ ಕಡೆ ಸ್ಟೆಮ್ಮೂ ಹ್ಯಾಂಡಲ್ಲೂ ಸೇರಿ ಒಂದೇ ತುಂಡು.

ಮೊದಲು ಹಾಕಿ ನೋಡಿದ್ದು ಮರ. ತೇಗದ ತುಂಡನ್ನು ಉರುಟಾಗಿ ಕೆತ್ತಿ ಕೊಳವೆಯ ಒಳಗೆ ಬಡಿದು ಕೂರಿಸಿದೆ. ಬೇಸಗೆಯಲ್ಲಿ ಬಹಳ ಚೆನ್ನಾಗಿತ್ತು, ರಸ್ತೆಯ ನಡುಕ ಕೂಡ ಕೈಗೆ ಕಡಿಮೆ ಬರುತ್ತಿತ್ತು. ಮಳೆ ಹಿಡಿದ ಮೇಲೆ ಮರ ನೀರು ಕುಡಿದು ಉಬ್ಬಿತು. ಮಳೆ ಬಿಟ್ಟ ಮೇಲೆ ಒಣಗಿ ಸಡಿಲವಾಯಿತು. ಹೊರಗೆ ತೆಗೆದಾಗ ಕೊಳವೆಯ ಒಳಗೆಲ್ಲ ತುಕ್ಕು. ನಮ್ಮ ಊರಿನ ಮಳೆಗೆ ಮರ ಬೇಡ. ಎಷ್ಟು ಅಗಲ ಬೇಕೆಂದು ನೋಡಲು ಒಂದೆರಡು ವಾರಕ್ಕೆ ಹಾಕುವುದಾದರೆ ಸರಿ.

ಪ್ಲಂಬಿಂಗಿನ ಅರ್ಧ ಇಂಚು ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ್ದು) ಒಳಗೆ ಹೋಗಬಹುದು ಎಂದು ಬಹಳ ಜನ ಹೇಳುತ್ತಾರೆ. ಹೋಗುವುದಿಲ್ಲ. ಅರ್ಧ ಇಂಚು ಎಂಬುದು ಹೆಸರಿಗೆ ಮಾತ್ರ, ಅದರ ಹೊರಗಿನ ಅಳತೆ 21.3 ಮಿ.ಮೀ. ಗ್ರಿಪ್ ಕೂರುವ ಕಡೆ ನಮ್ಮ ಹ್ಯಾಂಡಲ್ಲಿನ ಹೊರ ಅಳತೆಯೇ 22.2. ಒಳಗಿನ ಅಳತೆ ಸುಮಾರು 18, 19 ಅಷ್ಟೇ. ತುದಿಗೆ ತುಂಡು ಇಟ್ಟು ವೆಲ್ಡಿಂಗ್ ಮಾಡಿಸುವುದೂ ನನಗೆ ಇಷ್ಟವಿಲ್ಲ. ತೆಳು ಕೊಳವೆ ಬೇಗ ಸುಟ್ಟು ತೂತಾಗುತ್ತದೆ. ಕ್ರೋಮ್ ಲೇಪ ಇದ್ದರೆ ಅದರ ಹೊಗೆ ವೆಲ್ಡರನ ಶ್ವಾಸಕೋಶಕ್ಕೆ ವಿಷ, ಮೊದಲು ಅದನ್ನು ಉಜ್ಜಿ ತೆಗೆಯಲೇಬೇಕು.

ಇಷ್ಟು ಮಳೆಗಾಲ ಉಳಿದದ್ದು ಲೇತ್ ಕೆಲಸ, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರದಲ್ಲಿ ಮಾಡಿಸಿದ್ದು. ಗುಜರಿಗೆ ಹೋಗುವ ಇನ್ನೊಂದು ಸ್ಟೀಲ್ ಹ್ಯಾಂಡಲ್ಲಿನಿಂದ 30 ಮಿ.ಮೀ. ಉದ್ದದ ಎರಡು ತುಂಡು ಕತ್ತರಿಸಿದೆ. ದಪ್ಪ ಅದೇ 22.2 ಆದ್ದರಿಂದ ಗ್ರಿಪ್ ಬಿಗಿಯಾಗಿ ಕೂರುತ್ತದೆ. ಹಳೆಯದನ್ನೂ ಹೊಸ ತುಂಡನ್ನೂ ಒಳಗಿನಿಂದ ಸೇರಿಸಲು ಎಂಎಸ್ (ಮೈಲ್ಡ್ ಸ್ಟೀಲ್) ರಾಡ್. ನಾನು ಅಳತೆ ಬರೆದುಕೊಂಡು ಹೋಗಿದ್ದೆ. ಲೇತಿನವರು ಚೀಟಿ ನೋಡಲೇ ಇಲ್ಲ. "ಹ್ಯಾಂಡಲನ್ನೇ ತನ್ನಿ ಮಾರಾಯ್ರೇ, ಒಳಗೆ ಬೆಸುಗೆಯ ಗೆರೆ ಇರ್ತದೆ" ಎಂದರು. ಅದು ಸರಿ. ತಗಡನ್ನು ಸುತ್ತಿ ಬೆಸೆದು ಮಾಡಿದ ಕೊಳವೆಯ ಒಳಗೆ ಉದ್ದಕ್ಕೂ ಒಂದು ಉಬ್ಬು ಇರುತ್ತದೆ. ಅದನ್ನು ಉರುಟು ಅರದಿಂದ ಉಜ್ಜಿ, ಆಮೇಲೆ ರಾಡನ್ನು ಆ ತೂತಿಗೇ ಸರಿಯಾಗಿ ತಿರುಗಿಸಿ ಕೊಟ್ಟರು. ರಾಡಿನ ಮೂಲೆಗಳನ್ನು ಸ್ವಲ್ಪ ಉರುಟು ಮಾಡಿದರು, ಚೂಪು ಅಂಚು ಕೊಳವೆಯನ್ನು ಒಳಗಿನಿಂದ ಕೊರೆಯಬಾರದಲ್ಲ.

ರಾಡ್ ಒಳಗೆ ಎಷ್ಟು ಇಳಿದಿದೆ ಎಂಬುದೇ ಇಲ್ಲಿ ಮುಖ್ಯ. ಸೈಕಲ್ ಸುರಕ್ಷತೆಯ ಐಎಸ್‌ಒ 4210 ಮಾನದಂಡದಲ್ಲಿ, ಫೋರ್ಕಿಗೆ ಇಳಿಯುವ ಸ್ಟೆಮ್ ಅದರ ದಪ್ಪದ ಎರಡೂವರೆ ಪಾಲಾದರೂ ಒಳಗೆ ಇರಬೇಕು ಎಂದಿದೆ. ಅದು ಬೇರೆ ಭಾಗಕ್ಕೆ ಹೇಳಿದ ಲೆಕ್ಕ. ಆದರೂ ನಾನು ಅದನ್ನೇ ಕನಿಷ್ಠ ಎಂದು ಹಿಡಿದೆ. 18ರ ರಾಡಿಗೆ 45 ಬರುತ್ತದೆ. ನಾನು 90 ಇಳಿಸಿದೆ. ಹೊರಗೆ 30, ಒಳಗೆ 90. ಅರಾಲ್ಡೈಟ್ ಅಂಟು ಹಚ್ಚಿ, ಜೊತೆಗೆ ಒಂದು ಸಣ್ಣ ಸ್ಕ್ರೂ. ಸ್ಕ್ರೂ ತೂತು ಕೊಳವೆಯ ಮೇಲೆ ಅಥವಾ ಕೆಳಗೆ ಬರಬಾರದು, ಮುಂದಿನ ಬದಿಗೆ ಬರಬೇಕು. ಕೈಯ ಭಾರ ಮೇಲಿಂದ ಬೀಳುವಾಗ ಮೇಲೆ ಎಳೆತ, ಕೆಳಗೆ ಒತ್ತಡ ಜಾಸ್ತಿ, ನಡುಬದಿಯಲ್ಲಿ ಎರಡೂ ಕಡಿಮೆ. ಸ್ಟೆಮ್ ಹತ್ತಿರ ಮಾತ್ರ ಎಲ್ಲಿಯೂ ತೂತು ಕೊರೆಯಬೇಡಿ.

ಗ್ರಿಪ್ 130 ಮಿ.ಮೀ. ಉದ್ದದ್ದು. ಅದರಲ್ಲಿ 100 ಹಳೆ ಕೊಳವೆಯ ಮೇಲೆ, 30 ಮಾತ್ರ ಹೊಸ ತುಂಡಿನ ಮೇಲೆ. ಅಂಗೈಯ ಹೊರ ಅಂಚು ಮಾತ್ರ ಹೊಸದರ ಮೇಲೆ ಬೀಳುತ್ತದೆ. ಬ್ರೇಕ್ ಲಿವರ್ ಹೊರಗೆ ಸರಿದರೂ ಅದನ್ನು ಬಿಗಿಯುವ ಪಟ್ಟಿ ಹಳೆ ಕೊಳವೆಯ ಮೇಲೆಯೇ ಇದೆ, ಹಾಗೆಯೇ ಇರಬೇಕು. ಕೇಬಲನ್ನು ಮರೆಯಬೇಡಿ. ಲಿವರ್ ಹೊರಗೆ ಹೋದರೆ ಹಳೆ ಕೇಬಲ್ ಗಿಡ್ಡವಾಗುತ್ತದೆ, ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಬ್ರೇಕ್ ತಾನಾಗಿ ಹಿಡಿಯಬಹುದು. ನಾನು ಎರಡೂ ಕಡೆ ಹೊಸ ಉದ್ದದ ಕೇಬಲ್ ಹಾಕಿಸಿದೆ.

ಈಗ ಅಗಲ 640. ಇಳಿಜಾರಿನಲ್ಲಿ ಮೂಟೆ ಸಮೇತ ಸೈಕಲ್ ನೇರ ಹೋಗುತ್ತದೆ. ಎದ್ದು ನಿಂತು ಏರು ತುಳಿಯುವಾಗಲೂ ಉಸಿರಿಗೆ ಹಾಯೆನಿಸುತ್ತದೆ. ಆದರೆ ತೋಟದ ಅಡಿಕೆ ಮರದ ಸಂಕದಲ್ಲಿ ಸೈಕಲ್ ತಳ್ಳಿಕೊಂಡು ದಾಟುವಾಗ ಕೈತಾಂಗಿನ ಬಿದಿರಿಗೆ ಹ್ಯಾಂಡಲ್ ತಾಗುತ್ತದೆ. ಪಾಗಾರದ ನಡುವಿನ ಸಣ್ಣ ಗೇಟಿನಲ್ಲಿಯೂ ಓರೆ ಮಾಡಿ ದಾಟಿಸಬೇಕು. ಇನ್ನೂ ಅಗಲ ಬೇಕು ಎನ್ನುವವರು ಮೊದಲು ನೆಲದ ಮೇಲೆ ದಂಡ ಹೊಡೆಯುವ ಭಂಗಿಯಲ್ಲಿ ಕೈ ಊರಿ ನೋಡಿ. ಕೈಗಳು ಸುಮ್ನೆ ಹಾಯಾಗಿ ಎಲ್ಲಿ ಬೀಳುತ್ತವೋ ಅಲ್ಲಿನ ಹೊರ ಅಂಚಿನಿಂದ ಅಂಚಿಗೆ ಅಳೆಯಿರಿ. ಅದಕ್ಕಿಂತ ಬಹಳ ಅಗಲ ಮಾಡಿದರೆ ಮಣಿಕಟ್ಟು, ಭುಜ ಎರಡೂ ನೋಯುತ್ತವೆ.

ತಿಂಗಳಿಗೊಮ್ಮೆ ಸ್ಟೆಮ್ ಹತ್ತಿರ ಒರೆಸಿ ನೋಡುತ್ತೇನೆ. ನಡುವಿನಿಂದ ತುದಿಗೆ 290 ಇದ್ದದ್ದು 320 ಆಗಿದೆ. ಅಂದರೆ ತುದಿಯಲ್ಲಿ ಅದೇ ಭಾರ ಬಿದ್ದರೂ ಸ್ಟೆಮ್ ಬುಡದಲ್ಲಿ ಬಗ್ಗಿಸುವ ಬಲ ಸುಮಾರು ಶೇ. 10 ಜಾಸ್ತಿ. ಕೂದಲಿನಷ್ಟು ಸಣ್ಣ ಬಿರುಕು ಕಂಡರೂ ಆ ಹ್ಯಾಂಡಲ್ ಗುಜರಿಗೇ. ಇದೇ ಕಾರಣಕ್ಕೆ ಅಲ್ಯೂಮಿನಿಯಂ ಹ್ಯಾಂಡಲ್‌ಗೆ ಈ ಉಪಾಯ ಬೇಡ ಎನ್ನುತ್ತೇನೆ. ಅದು ಸ್ಟೀಲಿನ ಹಾಗೆ ಬಗ್ಗಿ ಸೂಚನೆ ಕೊಡುವುದು ಕಡಿಮೆ, ದಣಿದು ಒಮ್ಮೆಲೇ ಮುರಿಯಬಹುದು. ಜೊತೆಗೆ ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯ ಉಪ್ಪು ಗಾಳಿಯಲ್ಲಿ ಅಲ್ಯೂಮಿನಿಯಂ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿ ಕೂತರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಕಾರ್ಬನ್ ಹ್ಯಾಂಡಲನ್ನು ಮುಟ್ಟಲೇಬೇಡಿ.

ಮಕ್ಕಳ ಸೈಕಲಿಗೂ ಮಾಡಬೇಡಿ. ಮಕ್ಕಳು ಬೀಳುವುದು ಜಾಸ್ತಿ, ಬಿದ್ದಾಗ ಹ್ಯಾಂಡಲ್ ತುದಿ ಹೊಟ್ಟೆಗೆ ಒತ್ತಿದರೆ ಹೊರಗೆ ಗಾಯ ಕಾಣದೆಯೂ ಒಳಗೆ ಪೆಟ್ಟಾಗಬಹುದು. ದೊಡ್ಡವರ ಸೈಕಲಿನಲ್ಲಿ ಕೂಡ ಕೊಳವೆಯ ತುದಿ ತೆರೆದಿಡಬಾರದು. ಸೈಕಲ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಬಿರಡೆ ಸಿಗುತ್ತದೆ. ಅದನ್ನು ಒತ್ತಿ ಕೂರಿಸಿದರೆ ಮಳೆನೀರೂ ಒಳಗೆ ಹೋಗುವುದಿಲ್ಲ.