ಕ್ರ್ಯಾಂಕ್ ಪುಲ್ಲಿ ಬದಲಿಸಿ ಎರಡು ವರ್ಷ: ಒರಿಜಿನಲ್‌ಗೆ ಕೊಟ್ಟ ದುಡ್ಡು ದಂಡವಾಗಲಿಲ್ಲ

ಕ್ರ್ಯಾಂಕ್ ಪುಲ್ಲಿ ಅಂದರೆ ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ತುದಿಯಲ್ಲಿದ್ದು, ಆಲ್ಟರ್ನೇಟರ್, ಎಸಿಗಳ ಬೆಲ್ಟ್ ತಿರುಗಿಸುವ ಚಕ್ರ. ಮೊದಲೇ ಹೇಳಿಬಿಡುತ್ತೇನೆ, ಈ ಪಾರ್ಟ್ ಚೆನ್ನಾಗಿದೆ, ಬೆಲೆ ಮಾತ್ರ ಜಾಸ್ತಿ. ನನ್ನದು ಹತ್ತು ವರ್ಷ ದಾಟಿದ ನಾಲ್ಕು ಸಿಲಿಂಡರ್ ಡೀಸೆಲ್ ಕಾರು. ಹೆಚ್ಚಿನ ಓಡಾಟ ಬೆಂಗಳೂರಿನ ಟ್ರಾಫಿಕ್‌ನಲ್ಲಿ, ಆಗಾಗ ಶಿವಮೊಗ್ಗಕ್ಕೆ. ಕಾರು ಕಂಪನಿಯದೇ ಪುಲ್ಲಿ (ಇದಕ್ಕೆ ಡ್ಯಾಂಪರ್ ಪುಲ್ಲಿ ಅಂತಲೂ ಅನ್ನುತ್ತಾರೆ) ಹಾಕಿಸಿದ ಮೇಲೆ ಗಾಡಿ ಸುಮಾರು 30 ಸಾವಿರ ಕಿಲೋಮೀಟರ್ ಓಡಿದೆ. ಆ ಕಡೆಯಿಂದ ಇನ್ನೂ ಒಂದು ಸದ್ದೂ ಬಂದಿಲ್ಲ.

ಹಳೆಯದು ಕೈಕೊಟ್ಟಿದ್ದು ಗೊತ್ತಾಗಲಿಕ್ಕೇ ತುಂಬಾ ಸಮಯ ಹಿಡಿಯಿತು. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಟಕಟಕ ಸದ್ದು, ಎಸಿ ಹಾಕಿದರೆ ಇನ್ನೂ ಜೋರು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬೆಲ್ಟ್ ಕಿರ್ ಅನ್ನುತ್ತಿತ್ತು. ಗ್ಯಾರೇಜಿನವರು ಮೊದಲು ಬೆಲ್ಟ್ ಬದಲಿಸಿದರು. ಆಮೇಲೆ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್. ಸದ್ದು ಹಾಗೇ ಇತ್ತು. ಮುಂದಿನ ಸರದಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಂದಾಗ ನಾನು ಗಾಡಿ ವಾಪಸ್ ತಂದೆ. ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋದರೆ ಕೊನೆಗೆ ಸಿಗುವುದು ದೊಡ್ಡ ಬಿಲ್ ಅಷ್ಟೇ ಅಲ್ವಾ?

ಹೊರಗಿನಿಂದ ನೋಡಿದರೆ ಈ ಪುಲ್ಲಿ ಬೆಲ್ಟ್ ತಿರುಗಿಸುವ ಚಕ್ರ. ಆದರೆ ಒಳಗೆ ಇನ್ನೊಂದು ಕೆಲಸ ಇದೆ. ಒಂದೊಂದು ಸಿಲಿಂಡರ್‌ನಲ್ಲಿ ಡೀಸೆಲ್ ಉರಿದಾಗಲೂ ಕ್ರ್ಯಾಂಕ್‌ಶಾಫ್ಟ್ ಒದ್ದೆ ಬಟ್ಟೆ ಹಿಂಡಿದ ಹಾಗೆ ಚೂರು ತಿರುಚಿಕೊಂಡು ಮತ್ತೆ ಬಿಡಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟು ಸಣ್ಣದು. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಇಂಥ ಎರಡು ಹೊಡೆತ. 3,000 ಆರ್‌ಪಿಎಂ (ನಿಮಿಷಕ್ಕೆ 3,000 ಸುತ್ತು) ಅಂದರೆ ಸೆಕೆಂಡಿಗೆ 100 ಹೊಡೆತ! ಇದನ್ನು ತಗ್ಗಿಸಲಿಕ್ಕೆ ಪುಲ್ಲಿಯ ನಡುವಿನ ಹಬ್‌ಗೂ ಹೊರಗಿನ ಭಾರದ ರಿಂಗ್‌ಗೂ ಮಧ್ಯೆ ರಬ್ಬರ್ ಕೂರಿಸಿರುತ್ತಾರೆ. ಎಂಜಿನ್ ಬಿಸಿ, ಆಯಿಲ್, ವಯಸ್ಸು ಮೂರೂ ಸೇರಿ ಆ ರಬ್ಬರ್ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಆಮೇಲೆ ರಿಂಗ್ ಜಾರುತ್ತದೆ, ಇಲ್ಲವೇ ಓಲಾಡುತ್ತದೆ.

ಪತ್ತೆ ಮಾಡಲಿಕ್ಕೆ ದೊಡ್ಡ ಸ್ಕ್ಯಾನರ್ ಬೇಕಿಲ್ಲ. ಎಂಜಿನ್ ಆಫ್ ಇದ್ದಾಗ ವೈಟ್ನರ್ ಪೆನ್‌ನಲ್ಲಿ ಹಬ್‌ನಿಂದ ರಬ್ಬರ್ ದಾಟಿ ರಿಂಗ್‌ವರೆಗೆ ಒಂದು ನೇರ ಗೆರೆ ಎಳೆದೆ. ಕೆಲವು ದಿನ ಓಡಿಸಿ ನೋಡಿದರೆ ಗೆರೆ ತುಂಡಾಗಿತ್ತು. ಹಬ್ ಮೇಲಿನ ಅರ್ಧ ಒಂದು ಕಡೆ, ರಿಂಗ್ ಮೇಲಿನ ಅರ್ಧ ಇನ್ನೊಂದು ಕಡೆ. ಇದಕ್ಕಿಂತ ಸಾಕ್ಷಿ ಬೇಡ. ಆದರೆ ಗೆರೆ ಸರಿಯಾಗಿಯೇ ಇದ್ದರೆ ಪುಲ್ಲಿ ಚೆನ್ನಾಗಿದೆ ಅಂತಲೂ ಅಲ್ಲ. ಎಂಜಿನ್ ಓಡುವಾಗ ದೂರದಿಂದ, ಕೈ ಮತ್ತು ಬಟ್ಟೆ ಹತ್ತಿರ ಒಯ್ಯದೆ, ಪುಲ್ಲಿ ಅಂಚನ್ನು ನೋಡಿ. ಅದು ಓಲಾಡುತ್ತಿದ್ದರೂ ರಬ್ಬರ್ ಹೋಗಿದೆ ಅಂತಲೇ ಸಂಶಯ ಪಡಬೇಕು.

ಇನ್ನೊಂದು ಪರೀಕ್ಷೆ, ಬೆಲ್ಟ್ ತೆಗೆದು ಅರ್ಧ ನಿಮಿಷ ಎಂಜಿನ್ ಓಡಿಸುವುದು. ಸದ್ದು ನಿಂತರೆ ಆಲ್ಟರ್ನೇಟರ್, ಎಸಿ, ಟೆನ್ಷನರ್ ಕಡೆ ಹುಡುಕಿ. ನಿಲ್ಲದಿದ್ದರೆ ಪುಲ್ಲಿ, ಇಲ್ಲವೇ ಎಂಜಿನ್ ಒಳಗೆ. ನನ್ನದು ನಿಲ್ಲಲಿಲ್ಲ. ಎಂಜಿನ್ ತಣ್ಣಗಿಡುವ ವಾಟರ್ ಪಂಪ್ ಕೂಡ ಅದೇ ಬೆಲ್ಟ್‌ನಲ್ಲಿದ್ದರೆ ಅದಕ್ಕಿಂತ ಹೆಚ್ಚು ಹೊತ್ತು ಓಡಿಸಬೇಡಿ.

ಪಾರ್ಟ್ ಕೊಳ್ಳುವಾಗ ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರೋಡ್‌ನಲ್ಲೂ ವಿಚಾರಿಸಿದೆ. ಒರಿಜಿನಲ್‌ನ ಅರ್ಧಕ್ಕಿಂತ ಕಡಿಮೆಗೆ ಡೂಪ್ಲಿಕೇಟ್ ಸಿಗುತ್ತಿತ್ತು. ಕೈಯಲ್ಲಿ ಹಿಡಿದರೆ ಹಗುರ, ರಬ್ಬರ್ ಪಟ್ಟಿ ತೆಳ್ಳಗೆ. ಒಂದು ಅಂಗಡಿಯಲ್ಲಿ ರಬ್ಬರೇ ಇಲ್ಲದ ಗಟ್ಟಿ ಪುಲ್ಲಿ ತೋರಿಸಿ "ಇದು ಜನ್ಮದಲ್ಲಿ ಹಾಳಾಗಲ್ಲ ಸರ್" ಅಂದರು. ನಿಜ, ಪುಲ್ಲಿ ಹಾಳಾಗುವುದಿಲ್ಲ. ಅದು ತಡೆಯಬೇಕಿದ್ದ ಹೊಡೆತವೆಲ್ಲ ಕ್ರ್ಯಾಂಕ್‌ಗೆ ಹೋಗುತ್ತದೆ, ಅಷ್ಟೇ. ಗುಜರಿಯಿಂದ ಹಳೇ ಪೀಸ್ ತರುವ ಯೋಚನೆಯೂ ಬೇಡ. ಅದರ ರಬ್ಬರ್‌ಗೂ ನಿಮ್ಮ ಗಾಡಿಯಷ್ಟೇ ವಯಸ್ಸಾಗಿರುತ್ತದೆ.

ಬಿಚ್ಚುವ ಕೆಲಸ ಬೇರೆ ಗ್ಯಾರೇಜಿನಲ್ಲಿ ಮಾಡಿಸಿದೆ, ಪಕ್ಕದಲ್ಲೇ ನಿಂತಿದ್ದೆ. ಬಲಗಡೆ ಮುಂದಿನ ಚಕ್ರ ತೆಗೆದು, ಒಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಬೆಲ್ಟ್ ಸಡಿಲಿಸಿದರು. ನಡುವಿನ ಬೋಲ್ಟ್ ವಿಪರೀತ ಬಿಗಿ. ಕೆಲವು ಎಂಜಿನ್‌ಗಳಲ್ಲಿ ಅದಕ್ಕೆ ಉಲ್ಟಾ ಥ್ರೆಡ್ ಇರುತ್ತದೆ, ಗೊತ್ತಿಲ್ಲದೆ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಇನ್ನು ಕೆಲವದರಲ್ಲಿ ಟೈಮಿಂಗ್ ಚಕ್ರವನ್ನು, ಅಂದರೆ ವಾಲ್ವ್‌ಗಳ ಚಲನೆಯನ್ನು ಪಿಸ್ಟನ್‌ಗೆ ಹೊಂದಿಸುವ ಚಕ್ರವನ್ನು, ಹಿಡಿದಿಡುವುದೇ ಈ ಬೋಲ್ಟ್. ಟೈಮಿಂಗ್ ಲಾಕ್ ಮಾಡದೆ ಸಡಿಲಿಸಿದರೆ ವಾಲ್ವ್‌ಗೂ ಪಿಸ್ಟನ್‌ಗೂ ಡಿಕ್ಕಿ ಆಗಬಹುದು. ಹಾಗಾಗಿ ನಿಮ್ಮ ಎಂಜಿನ್‌ನ ಮ್ಯಾನ್ಯುಯಲ್ ನೋಡಿದ ಮೆಕ್ಯಾನಿಕ್‌ಗೇ ಕೊಡಿ. ಸುತ್ತಿಗೆ ಎತ್ತಿದರೆ ಅಲ್ಲೇ ತಡೆಯಿರಿ, ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ಬೇರಿಂಗ್‌ಗೆ ಏಟು ಬೀಳುತ್ತದೆ. ಪುಲ್ಲಿ ಎಳೆದು ತೆಗೆಯುವ ಪುಲ್ಲರ್ ಹಾಕುವುದಾದರೆ ಹಬ್‌ನ ತೂತುಗಳಿಗೆ ಹಾಕಬೇಕು. ಹೊರಗಿನ ರಿಂಗ್ ಹಿಡಿದು ಎಳೆದರೆ ಹೊಸ ಪುಲ್ಲಿ ಆದರೂ ರಬ್ಬರ್ ಕಿತ್ತುಬರುತ್ತದೆ.

ಅದೇ ಹೊತ್ತಿಗೆ ಪುಲ್ಲಿಯ ಹಿಂಬದಿಗಿರುವ, ಆಯಿಲ್ ಸೋರದಂತೆ ತಡೆಯುವ ಆಯಿಲ್ ಸೀಲ್ ಕೂಡ ಬದಲಿಸಿದೆವು. ಸೀಲ್ ಅಗ್ಗ, ಲೇಬರ್ ಹೇಗೂ ಕೊಟ್ಟಾಗಿದೆ. ಆಯಿಲ್ ಜಿನುಗುತ್ತಿದ್ದರೆ ಹೊಸ ರಬ್ಬರ್ ಕೂಡ ಬೇಗ ಹೋಗುತ್ತದೆ. ಬೋಲ್ಟನ್ನು ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಬಿಗಿದು, ಆಮೇಲೆ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಡಿಗ್ರಿ ತಿರುಗಿಸಿದರು. ಇಂಪ್ಯಾಕ್ಟ್ ಗನ್ನಿಂದ ಗರ್ರ್ ಅನ್ನಿಸಿ ಮುಗಿಸಲಿಲ್ಲ, ಅದು ನನಗೆ ಇಷ್ಟವಾಯಿತು.

ಎಂಜಿನ್ ಸ್ಟಾರ್ಟ್ ಮಾಡಿದಾಗ ಟಕಟಕ ಹೋಗಿತ್ತು. ಸ್ಟಿಯರಿಂಗ್‌ನಲ್ಲಿ ಬರುತ್ತಿದ್ದ ನಡುಕವೂ ಕಡಿಮೆ. ಗೇರ್ ಹಾಕುವಾಗಿನ ಅಲುಗಾಟ ಮಾತ್ರ ಹಾಗೇ ಇದೆ, ಅದು ಎಂಜಿನ್ ಮೌಂಟಿಂಗ್‌ನದು, ಪುಲ್ಲಿಯ ತಪ್ಪಲ್ಲ. ಎರಡು ಮಳೆಗಾಲ ಕಳೆದ ಮೇಲೆ ಪುಲ್ಲಿಯ ಕಪ್ಪು ಬಣ್ಣ ಅಲ್ಲಲ್ಲಿ ಎದ್ದು ಮೇಲ್ಮೇಲೆ ತುಕ್ಕು ಹಿಡಿದಿದೆ. ಈ ಬೆಲೆಗೆ ಪೇಂಟ್ ಇನ್ನೂ ಚೆನ್ನಾಗಿರಬೇಕಿತ್ತು. ರಬ್ಬರ್‌ನಲ್ಲಿ ಬಿರುಕಿಲ್ಲ, ಹೊಸದರ ಮೇಲೂ ಎಳೆದಿದ್ದ ಬಿಳಿ ಗೆರೆ ನೇರವಾಗಿಯೇ ಇದೆ.

ದೊಡ್ಡ ದೂರು ಒಂದೇ. ನನ್ನ ಎಂಜಿನ್‌ನಲ್ಲಿ ಆ ಬೋಲ್ಟ್ ಒಮ್ಮೆ ಬಿಚ್ಚಿದರೆ ಮತ್ತೆ ಬಳಸುವಂತಿಲ್ಲ. ಆದರೂ ಡಬ್ಬಿಯಲ್ಲಿ ಹೊಸ ಬೋಲ್ಟ್ ಇರಲಿಲ್ಲ. ಬೇರೆಯಾಗಿ ಆರ್ಡರ್ ಮಾಡಿ ಕಾಯಬೇಕಾಯಿತು. ನೀವು ಪುಲ್ಲಿ ಬುಕ್ ಮಾಡುವ ದಿನವೇ ಬೋಲ್ಟ್ ಮತ್ತು ಸೀಲ್ ಪಾರ್ಟ್ ನಂಬರ್ ಕೂಡ ಕೇಳಿ ಬರೆಸಿಬಿಡಿ. ಮೂರೂ ಕೈಗೆ ಬಂದ ಮೇಲೆಯೇ ಗಾಡಿ ಬಿಚ್ಚಿಸಿ.