ವಿಜಯಪುರದ ಬಿಸಿಲಲ್ಲಿ ನಿಂಟೆಂಡೊ ಸ್ವಿಚ್, ಮತ್ತು ಹೊಸ ಸ್ವಿಚ್ 2ರ ತಾಕತ್ತಿನ ಲೆಕ್ಕ

ನಿಂಟೆಂಡೊ ಸ್ವಿಚ್, ಅಂದರೆ ಕೈಯಲ್ಲಿ ಹಿಡಿದೂ ಟಿವಿಗೆ ಜೋಡಿಸಿಯೂ ಆಡುವ ವಿಡಿಯೋ ಗೇಮ್ ಯಂತ್ರ, ನಮ್ಮ ಮನೆಯಲ್ಲಿ ಈಗ ಹಳೆಯ ಸಾಮಾನು. 2019ರಲ್ಲಿ ಚಿಪ್ ಬದಲಾಗಿ ಬಂತಲ್ಲ, ಆ ಮಾಡೆಲ್ ನನ್ನದು. 2025ರ ಜೂನ್ 5ಕ್ಕೆ ಸ್ವಿಚ್ 2 ಬಂತು. ಅದರ ತಾಕತ್ತು ಎಷ್ಟು ಅನ್ನುವ ಚರ್ಚೆ ಆಡುವವರ ನಡುವೆ ಜೋರಾಗಿದೆ. ಸೋನಿಯ ಟಿವಿ ಗೇಮ್ ಯಂತ್ರ ಪಿಎಸ್4ಗೆ ಸಮ ಅನ್ನುವವರು ಇದ್ದಾರೆ, ಅದರ ಇನ್ನೂ ಬಲವಾದ ಮಾಡೆಲ್ ಪಿಎಸ್4 ಪ್ರೊ ಹತ್ತಿರ ಹೋಗುತ್ತೆ ಅನ್ನುವವರೂ ಇದ್ದಾರೆ. ಇಷ್ಟು ವರ್ಷ ಹಳೆಯದನ್ನು ಬಳಸಿ ನಾನು ಕಂಡುಕೊಂಡದ್ದು ಬೇರೆ. ಕೈಯಲ್ಲಿ ಹಿಡಿದು ಆಡುವ ಕನ್ಸೋಲ್ ಎಷ್ಟು ಓಡಬೇಕು ಅನ್ನುವುದನ್ನು ಕಡೆಗೆ ತೀರ್ಮಾನ ಮಾಡುವುದು ಬಿಸಿ ಮತ್ತು ಬ್ಯಾಟರಿ. ವಿಜಯಪುರದ ಬೇಸಿಗೆಯಲ್ಲಿ ಸ್ವಿಚ್ ಹಿಡಿದವರಿಗೆ ಇದು ಬೆರಳಿಗೇ ಗೊತ್ತಾಗುತ್ತದೆ.

ಮೊದಲು ಹಳೆಯದರ ಬಗ್ಗೆ ಹೇಳಿಬಿಡುತ್ತೇನೆ. ಸ್ವಿಚ್ ಮೊದಲು ಬಂದದ್ದು 2017ರ ಮಾರ್ಚ್ 3ಕ್ಕೆ. ಒಳಗೆ ಎನ್ವಿಡಿಯಾದ ಟೆಗ್ರಾ ಎಕ್ಸ್1 ಚಿಪ್, 4 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್, 6.2 ಇಂಚಿನ 720ಪಿ ಪರದೆ. ಅವತ್ತಿಗೂ ಅದು ದೊಡ್ಡ ಚಿಪ್ ಏನಲ್ಲ. ಹಾಗಿದ್ದರೂ ಜೆಲ್ಡಾದಂಥ ವಿಶಾಲ ಆಟ ಅದರಲ್ಲಿ ಓಡಿತು. 2019ರಲ್ಲಿ ವಿಚರ್ 3 ಕೂಡ ಬಂತು, ಪರದೆಯ ಸ್ಪಷ್ಟತೆಯನ್ನು ಸಾಕಷ್ಟು ಇಳಿಸಿಕೊಂಡು. ಹುಲ್ಲು, ಮರ ಸ್ವಲ್ಪ ಮಸುಕು ಕಾಣುತ್ತವೆ, ನಿಜ. ಆದರೆ ಇಷ್ಟು ದೊಡ್ಡ ಆಟ ಅಂಗೈ ಮೇಲೆ ಓಡುವುದನ್ನು ಮೊದಲ ಸಲ ನೋಡಿದಾಗ ಆದ ಖುಷಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ.

ಬ್ಯಾಟರಿ ವಿಷಯದಲ್ಲಿ 2019ರ ಮಾಡೆಲ್‌ಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಮೊದಲ ಮಾಡೆಲ್‌ಗೆ ಕಂಪನಿಯೇ ಹೇಳಿದ್ದು ಎರಡೂವರೆಯಿಂದ ಆರೂವರೆ ಗಂಟೆ. 2019ರದ್ದಕ್ಕೆ ನಾಲ್ಕೂವರೆಯಿಂದ ಒಂಬತ್ತು. ಬ್ಯಾಟರಿ ಅದೇ 4310 ಎಂಎಎಚ್. ಬದಲಾದದ್ದು ಚಿಪ್ ಮಾಡುವ ವಿಧಾನ, 20 ನ್ಯಾನೋಮೀಟರ್‌ನಿಂದ 16ಕ್ಕೆ ಇಳಿಯಿತು, ಚಿಪ್ ತಿನ್ನುವ ಕರೆಂಟ್ ಕಡಿಮೆಯಾಯಿತು. ಹುಬ್ಬಳ್ಳಿ ರೈಲು ಹತ್ತಿ ಆಡಲು ಕೂತರೆ ಆಲಮಟ್ಟಿ, ಬಾಗಲಕೋಟೆ, ಬಾದಾಮಿ ದಾಟಿ ಗದಗ ಬರುವವರೆಗೂ ಚಾರ್ಜರ್ ಹುಡುಕುವ ಕೆಲಸವಿಲ್ಲ. ಕಿಟಕಿ ಪಕ್ಕದ ಸೀಟು ಮಾತ್ರ ಬೇಡ. ಬಿಸಿಲು ಬಿದ್ದರೆ ಈ ಪರದೆಯಲ್ಲಿ ನಮ್ಮ ಮುಖ ಬಿಟ್ಟು ಬೇರೇನೂ ಕಾಣಲ್ಲ.

ಇನ್ನು ಬಿಸಿಯ ವಿಷಯ. ಸ್ವಿಚ್ ಬಳಸಲು ನಿಂಟೆಂಡೊ ಹೇಳಿರುವ ತಾಪಮಾನ 5ರಿಂದ 35 ಡಿಗ್ರಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುವುದು ಮಾಮೂಲು. ಮೇಲಿನ ಮಹಡಿಯ ಆರ್‌ಸಿಸಿ ಸ್ಲ್ಯಾಬ್ ಕೆಳಗಿನ ಕೋಣೆ ಅಂದರೆ ಮಧ್ಯಾಹ್ನ ಮೂರಕ್ಕೆ ಫ್ಯಾನ್ ತಿರುಗಿದಷ್ಟೂ ಬಿಸಿಗಾಳಿಯೇ ಕೆಳಗೆ ಬರುತ್ತದೆ. ಆ ಹೊತ್ತಿಗೆ ಆಡಲು ಕೂತರೆ ಕಂಪನಿ ಹೇಳಿದ ಮಿತಿಯನ್ನು ನಾವು ಆಟ ಶುರುವಾಗುವ ಮೊದಲೇ ದಾಟಿರುತ್ತೇವೆ. ತಪ್ಪು ಯಂತ್ರದ್ದಲ್ಲ. ಈ ಪುಟ್ಟ ಯಂತ್ರ ಹಿಂಬದಿಯಿಂದ ಗಾಳಿ ಎಳೆದು ಮೇಲಿನ ಸಣ್ಣ ಕಿಂಡಿಯಿಂದ ಹೊರಗೆ ಬಿಡುತ್ತದೆ. ಎಳೆಯುವ ಗಾಳಿಯೇ ಬಿಸಿಯಾದರೆ ಫ್ಯಾನ್ ಎಷ್ಟು ತಿರುಗಿ ಏನು ಉಪಯೋಗ? ಮೇಲಿನ ಕಿಂಡಿಯ ಹತ್ತಿರ ಬೆರಳು ಇಟ್ಟು ನೋಡಿ, ಒಳಗಿನ ಕಷ್ಟ ತಿಳಿಯುತ್ತದೆ. ಒಮ್ಮೆ ಅಕ್ಕ ಕೈಗೆ ತಗೊಂಡವಳೇ, "ಏನೋ ಇದು, ಹಿಂಗ್ಯಾಕ ಸುಡಾಕತ್ತೈತಿ? ಇಡೋ ಅದನ್ನ ಕೆಳಗ" ಅಂದಳು.

ಬೇಸಿಗೆಯಲ್ಲಿ ನಾನು ಬೆಳಿಗ್ಗೆ ಅಥವಾ ರಾತ್ರಿ ಊಟ ಆದ ಮೇಲೆ ಆಡುತ್ತೇನೆ. ಮಧ್ಯಾಹ್ನ ಆಡಲೇಬೇಕಾದರೆ ಕೂಲರ್ ಇರುವ ಕೆಳಗಿನ ಕೋಣೆ. ಆದರೆ ಕೂಲರ್‌ನ ಒದ್ದೆ ಗಾಳಿಗೆ ನೇರವಾಗಿ ಹಿಡಿಯಬಾರದು. ಧೂಳಿನ ಕಾಟವೂ ಇದೆ. ಗಾಳಿ ಎದ್ದರೆ ಎರೆ ಮಣ್ಣಿನ ಧೂಳು ಕಿಟಕಿ ಹಾಕಿದರೂ ಒಳಗೆ ಬರುತ್ತೆ. ಆಡದೇ ಇರುವಾಗ ಡಾಕ್ (ಟಿವಿಗೆ ಜೋಡಿಸಲು ಸ್ವಿಚ್ ಕೂರಿಸುವ ಗೂಡು) ಮೇಲೆ ಹಳೆಯ ಪಂಚೆಯ ತುಂಡು ಹೊದಿಸಿಡುತ್ತೇನೆ. ಆಗಾಗ ಕಿಂಡಿಗಳನ್ನು ಮೆತ್ತಗಿನ ಬ್ರಷ್‌ನಿಂದ ಜಾಡಿಸುತ್ತೇನೆ. ಇಷ್ಟು ನೋಡಿಕೊಂಡರೆ ಸಾಕು, ನನ್ನದು ಇವತ್ತಿಗೂ ಚೆನ್ನಾಗಿದೆ.

ಅಕ್ಕನ ಮಗ ಒಮ್ಮೆ ಕೇಳಿದ: "ಮಾಮಾ, ಡಾಕ್‌ನಾಗ ಇನ್ನೊಂದು ಚಿಪ್ ಐತೇನು? ಟಿವಿಗೆ ಹಾಕಿದ್ರ ಆಟ ಚಲೋ ಕಾಣತೈತಿ." ಬಹಳ ಮಂದಿಗೆ ಇರುವ ಅನುಮಾನ ಇದು. ಡಾಕ್‌ನಲ್ಲಿ ಅಂಥ ಚಿಪ್ ಇಲ್ಲ. ಇರುವ ಚಿಪ್ಪೇ ಎರಡು ವೇಗದಲ್ಲಿ ಓಡುತ್ತದೆ. ಡಾಕ್‌ನಲ್ಲಿ ಇಟ್ಟಾಗ ಕರೆಂಟ್ ಗೋಡೆಯಿಂದ ಬರುತ್ತದೆ, ಗ್ರಾಫಿಕ್ಸ್ ಭಾಗ 768 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಕೈಯಲ್ಲಿ ಹಿಡಿದಾಗ ಹೆಚ್ಚಾಗಿ 307 ಅಥವಾ 384. ಅಂದರೆ ಅರ್ಧ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಚಿಪ್‌ಗೆ ಇನ್ನೂ ಓಡುವ ಶಕ್ತಿ ಇದೆ. ಓಡಿದರೆ ಬ್ಯಾಟರಿ ಬೇಗ ಖಾಲಿ, ಕೈಗೆ ಬಿಸಿ. ಅದಕ್ಕೇ ಕಂಪನಿಯೇ ಕಡಿವಾಣ ಹಾಕಿದೆ.

ಸ್ವಿಚ್ 2ರ ಅಂಕಿಗಳನ್ನು ಓದುವಾಗಲೂ ನಾನು ಮೊದಲು ನೋಡುವುದು ಕೈಯಲ್ಲಿ ಹಿಡಿದಾಗಿನ ಅಂಕಿಯನ್ನೇ. ನಮ್ಮಂಥ ಊರಿನವರು ಅದನ್ನೇ ನೋಡಬೇಕು. ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ಫ್ಯಾನ್, ಲೈಟ್ ಓಡುತ್ತವೆ, ನಮ್ಮನೆಯಲ್ಲಿ ಟಿವಿ ಓಡಲ್ಲ. ಸಂಜೆ ಟಿವಿ ಮುಂದೆ ಮನೆಯವರ ಧಾರಾವಾಹಿ ಇರುತ್ತದೆ. ಹೆಚ್ಚಿನ ಆಟ ನಡೆಯುವುದು ಕೈಯಲ್ಲೇ.

ಊಹೆಗಳ ಚರಿತ್ರೆಯನ್ನೂ ಸ್ವಲ್ಪ ನೆನಪಿಸಬೇಕು. 2016ರಲ್ಲಿ ಸ್ವಿಚ್‌ಗೆ ಇನ್ನೂ ಹೆಸರಿಟ್ಟಿರಲಿಲ್ಲ, ಎನ್‌ಎಕ್ಸ್ ಅಂತಿದ್ದರು. ಎನ್ವಿಡಿಯಾದ ಹೊಸ ಪ್ಯಾಸ್ಕಲ್ ಚಿಪ್ ಬರುತ್ತೆ ಅಂತ ಬಹಳ ಮಂದಿ ನಂಬಿದ್ದರು. ಬಂದದ್ದು ಅದಕ್ಕಿಂತ ಹಿಂದಿನ ತಲೆಮಾರಿನ ಮ್ಯಾಕ್ಸ್‌ವೆಲ್. 2021ರಲ್ಲಿ '4ಕೆ ಸ್ವಿಚ್ ಪ್ರೊ' ಸುದ್ದಿ ಹಬ್ಬಿತು. ಆ ವರ್ಷ ಅಕ್ಟೋಬರ್‌ನಲ್ಲಿ ಬಂದದ್ದು ಒಎಲ್‌ಇಡಿ ಮಾಡೆಲ್. 7 ಇಂಚಿನ ಚಂದದ ಪರದೆ, 64 ಜಿಬಿ ಸ್ಟೋರೇಜ್, ತಾಕತ್ತು ಮಾತ್ರ ಅದೇ ಹಳೆಯದು. ಆದರೆ 2022ರಲ್ಲಿ ಎನ್ವಿಡಿಯಾ ಮೇಲೆ ಹ್ಯಾಕಿಂಗ್ ಆಗಿ ಕೋಡ್ ಸೋರಿತಲ್ಲ, ಅದರಲ್ಲಿ ಟಿ239 ಅನ್ನುವ ಚಿಪ್, ಚಿತ್ರವನ್ನು ಚೊಕ್ಕ ಮಾಡುವ ಡಿಎಲ್‌ಎಸ್‌ಎಸ್ ಅನ್ನುವ ತಂತ್ರ ಎರಡರ ಸುಳಿವೂ ಇತ್ತು. ಅದು ನಿಜವಾಯಿತು. 'ಒಳಗಿನವರು ಹೇಳಿದರು' ಅನ್ನುವ ಸುದ್ದಿಯನ್ನು ನಾನು ಈಗ ಓದಿ ಬಿಟ್ಟುಬಿಡುತ್ತೇನೆ. ಕೋಡ್, ಬೋರ್ಡ್‌ನ ಫೋಟೋ, ಕಸ್ಟಮ್ಸ್ ದಾಖಲೆ ಇದ್ದರೆ ಮಾತ್ರ ಕೂತು ಓದುತ್ತೇನೆ.

ಈಗ ಅಂಕಿಗಳು ಹೊರಬಂದಿವೆ. ಎನ್ವಿಡಿಯಾದ ಆಂಪಿಯರ್ ತಲೆಮಾರಿನ ಗ್ರಾಫಿಕ್ಸ್, 1536 ಕೋರ್, ಅಂದರೆ ಲೆಕ್ಕ ಮಾಡುವ ಪುಟ್ಟ ಘಟಕಗಳು. ಡಾಕ್‌ನಲ್ಲಿ 1007 ಮೆಗಾಹರ್ಟ್ಸ್, ಕೈಯಲ್ಲಿ 561. ಟೆರಾಫ್ಲಾಪ್ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ದಶಮಾಂಶದ ಲೆಕ್ಕ ಅನ್ನುವ ಅಳತೆ) ಲೆಕ್ಕದಲ್ಲಿ ಡಾಕ್‌ನಲ್ಲಿ ಸುಮಾರು 3.1, ಕೈಯಲ್ಲಿ 1.7. ಪಿಎಸ್4ರದ್ದು 1.84. ಇದನ್ನು ನೋಡಿದವರೆಲ್ಲ 'ಕೈಯಲ್ಲೇ ಪಿಎಸ್4' ಅಂತ ಕುಣಿದಾಡಿದರು. ಸ್ವಲ್ಪ ತಡೆಯಿರಿ. ಆಂಪಿಯರ್‌ನಲ್ಲಿ ಕೋರ್ ಎಣಿಸುವ ರೀತಿಯೇ ಬೇರೆ. ಅದರ ಅರ್ಧದಷ್ಟು ಕೋರ್‌ಗಳು ಪೂರ್ಣಾಂಕದ ಲೆಕ್ಕವನ್ನೂ ಮಾಡಬೇಕು. ಆಟ ಓಡುವಾಗ ಕಾಗದದ ಮೇಲಿನ ಟೆರಾಫ್ಲಾಪ್ ಪೂರ್ತಿ ಸಿಗುವುದಿಲ್ಲ. ಬೇರೆ ಬೇರೆ ತಲೆಮಾರಿನ ಚಿಪ್‌ಗಳ ಟೆರಾಫ್ಲಾಪ್ ಪಕ್ಕಪಕ್ಕ ಇಟ್ಟು ಜಗಳ ಆಡುವುದು ಸುಮ್ನೆ ಟೈಮ್ ದಂಡ.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಮೆಮೊರಿಯ ವೇಗ. ಹಳೆಯ ಸ್ವಿಚ್‌ನಲ್ಲಿ ಕೈಯಲ್ಲಿ ಹಿಡಿದಾಗ ಸೆಕೆಂಡಿಗೆ ಸುಮಾರು 21 ಜಿಬಿ, ಡಾಕ್‌ನಲ್ಲಿ 25.6. ಹೊಸದರಲ್ಲಿ 68 ಮತ್ತು 102. ಈಗ ಲೆಕ್ಕ ಹಾಕಿ. ಕೈಯಲ್ಲಿ ಹಿಡಿದಾಗ ಗ್ರಾಫಿಕ್ಸ್ ಶಕ್ತಿ ಕಾಗದದ ಮೇಲೆ ಕಡಿಮೆ ಅಂದರೂ ಎಂಟೊಂಬತ್ತು ಪಟ್ಟು ಏರಿದೆ. ಅದಕ್ಕೆ ಮಾಹಿತಿ ಒದಗಿಸುವ ದಾರಿ ಅಗಲವಾದದ್ದು ಬರೀ ಮೂರು ಪಟ್ಟು. ಐದು ಎಚ್‌ಪಿ ಮೋಟರ್ ಕೂರಿಸಿ ಅರ್ಧ ಇಂಚಿನ ಪೈಪ್ ಹಾಕಿದರೆ ದ್ರಾಕ್ಷಿ ತೋಟಕ್ಕೆ ಎಷ್ಟು ನೀರು ಹೋದೀತು? ಹೊಸ ಚಿಪ್‌ಗಳು ಮಾಹಿತಿಯನ್ನು ಒತ್ತಿ ಸಾಗಿಸುವುದರಲ್ಲಿ ಜಾಣ, ಅಷ್ಟು ಬಿಗಿ ಆಗಲಾರದು. ಆದರೂ ಆಟ ಎಲ್ಲಿ ತೊದಲುತ್ತದೆ ಅಂತ ಕೇಳಿದರೆ ನಾನು ಬೆರಳು ತೋರಿಸುವುದು ಇಲ್ಲಿಗೇ.

ಅದಕ್ಕೇ ಡಿಎಲ್‌ಎಸ್‌ಎಸ್ ಬಗ್ಗೆ ನನಗೆ ಅಷ್ಟು ಆಸೆ. ಆಟವನ್ನು ಕಡಿಮೆ ಪಿಕ್ಸೆಲ್‌ನಲ್ಲಿ ಬಿಡಿಸಿ, ಕಲಿತ ಲೆಕ್ಕಾಚಾರದಿಂದ ಅದನ್ನು ದೊಡ್ಡದಾಗಿ, ಚೊಕ್ಕವಾಗಿ ಕಟ್ಟಿ ತೋರಿಸುವ ತಂತ್ರ ಅದು. ಪಿಎಸ್4 ಹತ್ತಿರ ಇದು ಇಲ್ಲ. ಚಿಕ್ಕ ಪರದೆಯಲ್ಲಿ ಇದರ ಲಾಭ ಜಾಸ್ತಿ, ಸಣ್ಣಪುಟ್ಟ ಕೊರತೆ ಕಣ್ಣಿಗೆ ಬೀಳಲ್ಲ. ಹಳೆಯ ಸ್ವಿಚ್‌ನಲ್ಲಿ ನನಗೆ ಮಸುಕಾಗಿ ಕಂಡ ಆ ಹುಲ್ಲು ಇದರಲ್ಲಿ ಎಳೆ ಎಳೆಯಾಗಿ ಕಾಣಬೇಕು.

ಸಿಪಿಯು ವೇಗ ಮತ್ತೆ 1 ಗಿಗಾಹರ್ಟ್ಸ್ ಸುತ್ತಮುತ್ತ ಅಂತ ಗೊತ್ತಾದಾಗ ಕೆಲವರು ಬಹಳ ಬೇಜಾರು ಮಾಡಿಕೊಂಡರು. ನನಗೆ ಹಾಗನಿಸಲಿಲ್ಲ. ಹಳೆಯದರಲ್ಲಿ ನಾಲ್ಕು ಎ57 ಕೋರ್, ಆಟಕ್ಕೆ ಸಿಕ್ಕಿದ್ದು ಮೂರು. ಹೊಸದರಲ್ಲಿ ಎಂಟು ಎ78ಸಿ, ಆಟಕ್ಕೆ ಆರು. ಒಂದೇ ವೇಗದಲ್ಲಿ ಓಡಿದರೂ ಎ78 ಮಾಡುವ ಕೆಲಸ ಎಷ್ಟೋ ಹೆಚ್ಚು. ರ‍್ಯಾಮ್ 12 ಜಿಬಿ, ಅದರಲ್ಲಿ ಆಟಕ್ಕೆ 9. ಸ್ಟೋರೇಜ್ 256 ಜಿಬಿ. ಇವುಗಳಲ್ಲಿ ಕೊರಗಲು ಏನೂ ಇಲ್ಲ.

ನನ್ನ ಚಿಂತೆ ಬ್ಯಾಟರಿ. 5220 ಎಂಎಎಚ್, ಅಂದರೆ ಹೆಚ್ಚುಕಡಿಮೆ 20 ವ್ಯಾಟ್-ಅವರ್. ಕಂಪನಿ ಹೇಳಿರುವ ಬಾಳಿಕೆ 2ರಿಂದ 6.5 ಗಂಟೆ. ಭಾರದ ಆಟ ಎರಡೇ ಗಂಟೆಯಲ್ಲಿ ಬ್ಯಾಟರಿ ಮುಗಿಸುತ್ತೆ ಅಂದರೆ ಯಂತ್ರ ತಿನ್ನುತ್ತಿರುವುದು 10 ವ್ಯಾಟ್. ಇದೇ ಲೆಕ್ಕ ನನ್ನ ಸ್ವಿಚ್‌ಗೆ ಹಾಕಿದರೆ ನಾಲ್ಕು ವ್ಯಾಟ್ ಕೂಡ ಆಗಲ್ಲ. ಆ ಹೆಚ್ಚಿನ ಆರು ವ್ಯಾಟ್ ಎಲ್ಲಿಗೆ ಹೋಗುತ್ತದೆ? ಪೂರ್ತಿ ಬಿಸಿಯಾಗಿಯೇ ಹೊರಬರಬೇಕು. ಡಾಕ್‌ಗೆ ಈ ಸಲ ಒಂದು ಫ್ಯಾನ್ ಕೊಟ್ಟಿದ್ದಾರೆ, ಒಳ್ಳೆಯದೇ ಆಯಿತು. ಕೈಯಲ್ಲಿ ಹಿಡಿದಾಗ ಮಾತ್ರ ಆ ಫ್ಯಾನ್ ಜೊತೆಗಿರುವುದಿಲ್ಲ. 7.9 ಇಂಚಿನ ಪರದೆಯ ದೊಡ್ಡ ಮೈ ಇರುವುದರಿಂದ ಬಿಸಿ ಹರಡಲು ಜಾಗ ಜಾಸ್ತಿ ಇದೆ, ಅದೊಂದು ಸಮಾಧಾನ. ಮೇ ತಿಂಗಳ ಮಧ್ಯಾಹ್ನ ಇಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದಕ್ಕೆ ಯಾವ ಅಂಕಿಯೂ ಉತ್ತರ ಕೊಡಲ್ಲ.

ಜಾಯ್‌ಕಾನ್, ಅಂದರೆ ಸ್ವಿಚ್‌ನ ಎರಡೂ ಬದಿಗೆ ಸಿಕ್ಕಿಸುವ ಕಂಟ್ರೋಲರ್, ಅದರ ಕಡ್ಡಿಗಳ ಬಗ್ಗೆ ಒಂದು ಮಾತು. ಕಡ್ಡಿ ಮುಟ್ಟದೇ ಇದ್ದರೂ ಪಾತ್ರ ತಾನಾಗಿ ಸರಿಯುವ ತೊಂದರೆ ಜಗತ್ತಿನ ತುಂಬ ಸುದ್ದಿಯಾಗಿ, 2020ರಲ್ಲಿ ನಿಂಟೆಂಡೊ ಅಧ್ಯಕ್ಷರೇ ಕ್ಷಮೆ ಕೇಳಿದ್ದರು. ಹೊಸದರಲ್ಲಿ ಅಯಸ್ಕಾಂತದಿಂದ ಕೆಲಸ ಮಾಡುವ, ಸವೆಯದ ಹಾಲ್ ಎಫೆಕ್ಟ್ ಕಡ್ಡಿ ಬರುತ್ತೆ ಅಂತ ಊಹೆ ಇತ್ತು. ಇಲ್ಲ ಅಂತ ಕಂಪನಿಯವರೇ ಹೇಳಿದ್ದಾರೆ. ಇದು ನನಗೆ ನಿಜಕ್ಕೂ ನಿರಾಸೆ.

ಕೊಳ್ಳಬೇಕಾ ಅಂತ ಕೇಳುವವರಿಗೆ: 2025ರಲ್ಲಿ ಬಂದಾಗ ಅಮೆರಿಕದ ಬೆಲೆ 449.99 ಡಾಲರ್ ಇತ್ತು. ಇಲ್ಲಿ ಸಿಗುವುದು ಹೊರಗಿನಿಂದ ತರಿಸಿದ ಮಾಲು, ವ್ಯಾಪಾರಿ ಹೇಳಿದ್ದೇ ಬೆಲೆ. ವಾರಂಟಿಯ ಆಸೆ ಇಟ್ಟುಕೊಳ್ಳಬೇಡಿ. ಹಳೆಯ ಮೈಕ್ರೊಎಸ್‌ಡಿ ಕಾರ್ಡ್‌ನಲ್ಲಿ ಸ್ವಿಚ್ 2ರ ಆಟ ಇಡಲು ಆಗಲ್ಲ, ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಅನ್ನುವ ಹೊಸ ಬಗೆಯ ಕಾರ್ಡೇ ಬೇಕು, ಅದು ದುಬಾರಿ. ಹಳೆಯ ಸ್ವಿಚ್ ಆಟಗಳು ಬಹುಪಾಲು ಹೊಸದರಲ್ಲೂ ಓಡುತ್ತವೆ, ಹಾಗಾಗಿ ಈಗಾಗಲೇ ಕೊಂಡ ಆಟಗಳು ವ್ಯರ್ಥವಾಗಲ್ಲ. ಮೊದಲ ಸಲ ಕೊಳ್ಳುವವರು, ಕೈಯಲ್ಲಿ ಹಿಡಿದೇ ಆಡುವವರು ಒಳ್ಳೆಯ ಸ್ಥಿತಿಯ ಒಎಲ್‌ಇಡಿ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ನಾನು ಕೂಡಲೇ ಕೊಳ್ಳುತ್ತಿಲ್ಲ. ಮುಂದಿನ ಬೇಸಿಗೆ ಒಂದು ಕಳೆಯಲಿ ಅಂತ ಕಾಯುತ್ತೇನೆ. ಅಷ್ಟರೊಳಗೆ ಬಾಗಲಕೋಟೆ, ಕಲಬುರಗಿ, ರಾಯಚೂರು ಕಡೆ ಯಾರಾದರೂ ತಗೊಂಡರೆ, ಕೋಣೆಯ ತಾಪಮಾನ ಎಷ್ಟಿತ್ತು, ಯಾವ ಆಟ, ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಓಡಿತು ಅಂತ ದಯವಿಟ್ಟು ಬರೆದು ತಿಳಿಸಿ.